ಊರ ಕೆರೆ ಯಾರದು?



ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗುವ ದಾರಿಯಲ್ಲಿ, ಬಾಬಾಬುಡನ್ ಗಿರಿಗಳ ಬುಡದಲ್ಲಿರುವ ಲಿಂಗದಹಳ್ಳಿಯನ್ನು ನಮ್ಮಲ್ಲಿ ಅನೇಕರು ಬಲ್ಲರು. ಅಲ್ಲಿ ನಿಂತು ಪಡುವಲಿಗೆ ನೋಡಿದರೆ ಮೋಡ ಮುಸುಕಿದ ಬೆಟ್ಟಗಳು ಕಾಣುವವು. ಮೂಡಲಿಗೆ ಹೊರಟರೆ ಕೆಲವು ಹರದಾರಿಗಳೊಳಗೆ ಕಡೂರು ಅಜ್ಜಂಪುರಗಳ ಬಯಲುಸೀಮೆಯು ತೆರೆದುಕೊಳ್ಳುವದು. ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಡುಗುವವರು ಇರುವ ದಿನವೇ, ಕೆಳಗೆ ಮುಗಿಲನ್ನು ನೋಡಿ ನಿಟ್ಟುಸಿರಿಡುವವರೂ ಇರುವರು. ಬೆಟ್ಟದ ನೀರು ಹಳ್ಳಗಳಾಗಿ ಓಡಿ ಹೋಗುವದನ್ನು ತಡೆದು, ಬಯಲಿನವರ ಪಾಲನ್ನು ಅವರಿಗಾಗಿ ಇಟ್ಟುಕೊಳ್ಳುವದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯವು ಕೆರೆಯೇ. ತರೀಕೆರೆಯ ಹೆಸರಿನಲ್ಲಿಯೇ ಕೆರೆಯು ಸೇರಿಕೊಂಡಿದೆ.

ಇಂಥಾ ಕೆರೆಯು ಯಾರದು? ಸರ್ಕಾರದ್ದೆಂದು ಕೆಲವರು ಹೇಳುವರು. ಅಚ್ಚುಕಟ್ಟಿನ ರೈತರದೆಂದು ಬೇರೆ ಕೆಲವರು. ಬಹು ಜನರು, ಅದು ಎಲ್ಲರದು, ಎಂದು ಹೇಳಿ ಸುಮ್ಮನಾಗುವರು. ಎಲ್ಲರದು ಎಂಬ ಮಾತು ಬಾಯಿಗೆ ಸುಲಭ. ಆದರೆ ಹೂಳು ಹೊರುವ ದಿನ ಬಂದಾಗ ಅದಕ್ಕೆ, ನನ್ನದಲ್ಲ, ಎಂಬದೇ ಅರ್ಥವಾಗುವದು.

ನಾವು ಈ ಸಂಗತಿಯನ್ನು ಎತ್ತಿಕೊಳ್ಳುವದಕ್ಕೆ ಕಾರಣವುಂಟು. ನಮ್ಮ ಸಹೋದರನೊಬ್ಬನು ಸ್ವಲ್ಪ ಕಾಲದ ಹಿಂದೆ ನಮ್ಮನ್ನು ಹೀಗೆ ಕೇಳಿದನು: “ಊರವರು ಕೂಡಿ ಕೆರೆಯಂಗಳವನ್ನು ಬಿಡಿಸಬೇಕೆಂದು ಗೊತ್ತು ಮಾಡಿದ್ದಾರೆ. ಆ ಅಂಗಳದಲ್ಲಿ ನಾನು ಒಂದು ಎಕರೆ ರಾಗಿ ಹಾಕಿಕೊಂಡಿದ್ದೇನೆ. ನನಗೆ ಬೇರೆ ಹೊಲವಿಲ್ಲ. ನಮ್ಮ ತಾತನು ಆ ಕೆರೆಯ ಮಣ್ಣು ಹೊತ್ತನು. ಆದರೆ ಅದರ ನೀರನ್ನು ಅವನು ಮುಟ್ಟಲಿಕ್ಕೆ ಊರು ಬಿಡಲಿಲ್ಲ. ಹೀಗಿರುವಲ್ಲಿ ಆ ಊರಿಗೋಸ್ಕರ ನಾನು ನನ್ನ ಅನ್ನವನ್ನು ಯಾಕೆ ಬಿಡಬೇಕು?” ಈ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುವವನು ಅದನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೆಂದು ತಿಳಿಯಬೇಕು. ಆದಕಾರಣ ನಾವು ಮೊದಲು ಕೆರೆಯೆಂದರೆ ಏನೆಂಬದನ್ನೂ, ಅದು ಹೇಗೆ ಉಳಿಯಿತು, ಹೇಗೆ ಕೆಟ್ಟಿತು ಎಂಬದನ್ನೂ ನೋಡಿ, ಆ ಮೇಲೆ ಅವನ ಬಳಿಗೆ ತಿರುಗಿ ಬರೋಣ.

ಕೆರೆಯೆಂದರೆ ನೀರು ನಿಂತ ಗುಂಡಿಯಲ್ಲ. ಅದು ಒಂದು ಏರ್ಪಾಡು. ಹಳ್ಳವು ಒಳಗೆ ಬರುವ ದಾರಿಯಲ್ಲಿ ಅಂಗಳವು ತಗ್ಗಾಗಿ ಹರಡಿರುವದು. ಅಲ್ಲಿ ಬೆಳೆಯುವ ಜೊಂಡೂ ಹುಲ್ಲೂ ನೀರಿನ ಓಟವನ್ನು ನಿಧಾನಪಡಿಸಿ ಮಣ್ಣನ್ನು ಸೋಸಿಕೊಳ್ಳುವವು. ಕೆಳಗಡೆಯಲ್ಲಿ ಏರಿಯು ನಿಂತು, ಅಲೆಗಳು ಅದನ್ನು ಕೊರೆಯದ ಹಾಗೆ ಒಳಮೈಗೆ ಕಲ್ಲು ಕಟ್ಟಿರುವದು. ಏರಿಯ ಮೇಲೆ ಗರಿಕೆ ಹುಲ್ಲು ಬೆಳೆಯಬೇಕು, ದೊಡ್ಡ ಮರ ಬೆಳೆಯಬಾರದು. ಯಾಕಂದರೆ ಮರವು ಸತ್ತು ಬೇರು ಕೊಳೆತಾಗ ಆ ಬೇರಿನ ದಾರಿಯಲ್ಲಿಯೇ ನೀರು ನುಗ್ಗಿ ಏರಿಯನ್ನು ಒಡೆಯುವದು. ತೂಬಿನಿಂದ ಗದ್ದೆಗಳಿಗೆ ಅಳತೆಯ ನೀರು ಹೋಗುವದು. ಹೆಚ್ಚಾದ ನೀರು ಕೋಡಿಯಿಂದ ಕೆಳಗಣ ಊರಿನ ಕೆರೆಗೆ ಇಳಿಯುವದು. ಬೇಸಗೆಯಲ್ಲಿ ತೆಗೆದ ಗೋಡು ಹೊಲಗಳಿಗೆ ಗೊಬ್ಬರವಾಗುವದು. ದನಗಳು ಇಳಿಜಾರಿನಲ್ಲಿ ಇಳಿದು ಕುಡಿಯುವವು. ಕೊಕ್ಕರೆಗಳು ತಗ್ಗು ನೀರಿನಲ್ಲಿ ನಿಂತು ಮೇಯುವವು. ಸುತ್ತಣ ಬಾವಿಗಳ ಒರತೆ ಜೀವ ಹಿಡಿಯುವದು. ಒಂದು ಕೆಲಸದಿಂದ ಇಷ್ಟು ಜೀವಿಗಳಿಗೆ ಪಾಲು ಸಿಕ್ಕುವಂಥಾದ್ದು ಮನುಷ್ಯನು ಮಾಡಿದವುಗಳಲ್ಲಿ ಹೆಚ್ಚು ಇಲ್ಲ.

ಒಂದು ಊರಿನ ಕೆರೆಯು ಒಂಟಿಯಾಗಿ ನಿಂತದ್ದೂ ಅಲ್ಲ. ಮೈಸೂರು ಸೀಮೆಯ ಮುಖ್ಯ ಇಂಜಿನಿಯರನಾಗಿದ್ದ ಸ್ಯಾಂಕಿ ಎಂಬವನು 1860ರ ದಶಕದಲ್ಲಿ ಈ ಸೀಮೆಯನ್ನು ಪರೀಕ್ಷಿಸಿ, ನೆಲದಲ್ಲಿ ನೂರಕ್ಕೆ ಸುಮಾರು 60 ಪಾಲು ಕೆರೆಗಳ ಏರ್ಪಾಡಿಗೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ತಕ್ಕ ಜಾಗವನ್ನು ಹುಡುಕುವದೇ ಕಷ್ಟವೆಂದೂ, ಹಾಗೆ ಒಂದನ್ನು ಕಟ್ಟಿದರೆ ಕೆಳಗಣ ಮತ್ತೊಂದರ ನೀರನ್ನು ಕಿತ್ತುಕೊಂಡ ಹಾಗಾಗುವದೆಂದೂ ಬರೆದನು. ಕೆರೆಗಳು ಹಾರದ ಮಣಿಗಳ ಹಾಗೆ ಒಂದೇ ದಾರದಲ್ಲಿ ಕೋದವುಗಳಾಗಿವೆ. ನಮ್ಮ ಬೆಟ್ಟಗಳ ಮೂಡಣ ಮೈಯಿಂದ ಇಳಿಯುವ ಹಳ್ಳಗಳನ್ನೇ ನೋಡಿರಿ. ಒಂದು ಸಖರಾಯಪಟ್ಟಣದ ಬಳಿಯಲ್ಲಿ ಅಯ್ಯನಕೆರೆಯನ್ನು ತುಂಬುವದು. ಈ ಕೆರೆಯು ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಜೀರ್ಣೋದ್ಧಾರವಾಯಿತೆಂದು ಹೇಳುತ್ತಾರೆ. ಮತ್ತೊಂದು ಮದಗದ ಕೆರೆಯನ್ನು ತುಂಬುವದು. ಇವೆರಡರ ನೀರು ಕಡೂರಿನ ಹತ್ತಿರ ಕೂಡಿ ವೇದಾವತಿಯಾಗಿ ಹರಿದು, ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರವನ್ನು ಸೇರುವದು.

ಆ ವಾಣಿವಿಲಾಸ ಸಾಗರದಿಂದ ನಾವು ಒಂದು ಪಾಠವನ್ನು ಕಲಿಯಬಹುದು. ಅದರ ಕಟ್ಟೆಯು 1907ರಲ್ಲಿ ಮುಗಿಯಿತು. 1933ರಲ್ಲಿ ಅದು ತುಂಬಿ ಕೋಡಿ ಬಿತ್ತು. ತರುವಾಯ 89 ವರುಷ ಕೋಡಿ ಬೀಳಲೇ ಇಲ್ಲ. ಅಷ್ಟರಲ್ಲಿ ಕೋಡಿಯ ನೀರನ್ನು ಕಂಡವರು ಬಹಳ ಮಟ್ಟಿಗೆ ತೀರಿಹೋದರು. 2022ರ ಸೆಪ್ಟೆಂಬರಿನಲ್ಲಿ ಅದು ತಿರುಗಿ ತುಂಬಿ ಹರಿಯಿತು. 2025ರ ಆರಂಭದಲ್ಲಿ ಮತ್ತೊಮ್ಮೆ ಹರಿಯಿತು. ಒಬ್ಬ ಮನುಷ್ಯನ ಆಯುಷ್ಯಕ್ಕೆ ಒಂದು ಸಾರಿ ಬರುವ ನೀರಿಗೋಸ್ಕರ ದಾರಿಯನ್ನು ತೆರೆದಿಡಬೇಕೋ? ಇಡಲೇಬೇಕು. ಕೋಡಿಯ ಹಳ್ಳವು ಇಪ್ಪತ್ತು ವರುಷ ಒಣಗಿತೆಂದು ಅದರಲ್ಲಿ ಮನೆ ಕಟ್ಟುವವನು, ನೀರು ತನ್ನ ದಾರಿಯನ್ನು ಮರೆತಿದೆಯೆಂದು ನೆನಸುತ್ತಾನೆ. ಮರೆಯುವವನು ಮನುಷ್ಯನು, ನೀರು ಮರೆಯುವದಿಲ್ಲ. ನಾವು ಕಾಣದೆ ಇರುವ ವರುಷಕ್ಕಾಗಿಯೂ, ನಮ್ಮ ಹೆಸರನ್ನು ತಿಳಿಯದ ಮಕ್ಕಳಿಗಾಗಿಯೂ ಸ್ವಲ್ಪ ನೆಲವನ್ನು ಬರಿದಾಗಿ ಬಿಡುವದು ಧರ್ಮದ ಒಂದು ಭಾಗವಾಗಿದೆ.

ಇಷ್ಟು ಹಳೆಯ ಏರ್ಪಾಡು ಇಷ್ಟು ಕಾಲ ಹೇಗೆ ಉಳಿಯಿತು? ಹೊರೆಯನ್ನು ಹೊರುವವನಿಗೂ ಫಲದಲ್ಲಿ ಪಾಲನ್ನು ಗೊತ್ತು ಮಾಡಿದ್ದರಿಂದಲೇ. ಹಳೆಯ ಶಾಸನಗಳಲ್ಲಿ ಬಿತ್ತುವಟ್ಟ, ದಶವಂದ, ಕೆರೆಗೊಡಗೆ ಎಂಬ ಮಾತುಗಳು ಬರುತ್ತವೆ. ಅಂದರೆ ಕೆರೆಯನ್ನು ಕಟ್ಟಿದವನಿಗೂ ಅದನ್ನು ಕಾಪಾಡುವ ಕೆಲಸಕ್ಕೂ ಆ ಕೆರೆಯ ಕೆಳಗಿನ ನೆಲದಲ್ಲಿಯೋ ಬೆಳೆಯಲ್ಲಿಯೋ ಒಂದು ಪಾಲನ್ನು ಬಿಡುತ್ತಿದ್ದರು. ಊರಿನ ಹನ್ನೆರಡು ಮಂದಿ ಆಯಗಾರರಲ್ಲಿ ನೀರಗಂಟಿಯು ಒಬ್ಬನು. ಅವನು ತೂಬನ್ನು ಎತ್ತಿ ಇಳಿಸಿ, ಗದ್ದೆಯಿಂದ ಗದ್ದೆಗೆ ನೀರನ್ನು ತಿರುಗಿಸಿ, ಮಳೆಯ ರಾತ್ರಿಯಲ್ಲಿ ಏರಿಯ ಮೇಲೆ ನಡೆದು ಏಡಿಯ ಬಿಲವನ್ನೂ ಹೆಗ್ಗಣದ ಬಿಲವನ್ನೂ ಹುಡುಕುತ್ತಿದ್ದನು. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಆಯವು ಬರುತ್ತಿತ್ತು.

ಕಾಲಕ್ರಮದಲ್ಲಿ ಕೆರೆಗಳ ಆಡಳಿತವು ಇಲಾಖೆಗಳಿಗೆ ಹೋಯಿತು. ಆಯವು ನಿಂತಿತು, ನೀರಗಂಟಿಯ ಮಗನು ಕೂಲಿಗೆ ಹೋದನು. ಕೊಳವೆಬಾವಿಯು ಬಂದ ಮೇಲೆ ಅನುಕೂಲಸ್ಥನಾದ ರೈತನಿಗೆ ಕೆರೆಯ ಹಂಗು ತಪ್ಪಿತು. ಹಂಗು ತಪ್ಪಿದವನಿಗೆ ಕೆರೆಯಂಗಳವು ಬರೇ ನೆಲವಾಗಿ ಕಂಡಿತು. ಬೇಲಿಯು ವರುಷಕ್ಕೆ ಒಂದು ಮೊಳದಂತೆ ಮುಂದೆ ಸರಿಯಿತು. ಬಳ್ಳಾರಿ ಜಾಲಿಯು ಉಳಿದದ್ದನ್ನು ಹಿಡಿಯಿತು. ಇದನ್ನು ಸರಿಪಡಿಸುವದಕ್ಕೆ ಪ್ರಯತ್ನಗಳು ನಡೆಯದೆ ಇರಲಿಲ್ಲ. 2002ರಲ್ಲಿ ಸರ್ಕಾರವು ವಿಶ್ವಬ್ಯಾಂಕಿನ ಸಾಲದಿಂದ ಜಲಸಂವರ್ಧನೆ ಯೋಜನೆಯನ್ನು ಆರಂಭಿಸಿ, ಕೆರೆಯನ್ನು ಬಳಸುವವರ ಸಂಘಗಳನ್ನು ಹಳ್ಳಿಹಳ್ಳಿಗಳಲ್ಲಿ ಕಟ್ಟಿಸಿತು. 2014ರಲ್ಲಿ ಕೆರೆಗಳನ್ನು ಕಾಪಾಡುವದಕ್ಕೆ ಒಂದು ಪ್ರಾಧಿಕಾರದ ಕಾಯಿದೆಯೂ ಆಯಿತು. ಭದ್ರೆಯ ನೀರನ್ನು ಎತ್ತಿ, ಅಜ್ಜಂಪುರದ ಸುರಂಗದ ಮೂಲಕ ಮೂಡಣ ಸೀಮೆಗೆ ಕಳುಹಿಸಿ, ಅಲ್ಲಿಯ ಕೆರೆಗಳನ್ನು ತುಂಬಿಸುವ ದೊಡ್ಡ ಕೆಲಸವೂ ನಡೆದಿದೆ. ಇವು ಒಳ್ಳೆಯವುಗಳೇ. ಆದಾಗ್ಯೂ ಕಾಯಿದೆಯು ಮಳೆಯ ರಾತ್ರಿಯಲ್ಲಿ ಏರಿಯ ಮೇಲೆ ನಡೆಯಲಾರದು. ದೂರದಿಂದ ಬಂದ ನೀರು ಹೂಳು ತುಂಬಿದ ಕೆರೆಯಲ್ಲಿ ಹೆಚ್ಚು ದಿನ ನಿಲ್ಲಲಾರದು.

ಕೆಲವು ಊರುಗಳಲ್ಲಿ ಕೆರೆಯನ್ನು ಅಂದಗೊಳಿಸುವ ಉತ್ಸಾಹವೂ ಕಾಣುತ್ತದೆ. ಸುತ್ತಲೂ ಸಿಮೆಂಟಿನ ಗೋಡೆ, ಅದರ ಮೇಲೆ ತಿರುಗಾಡುವ ದಾರಿ, ಸಾಲಾಗಿ ದೀಪಗಳು. ಸಂಜೆಯ ಹೊತ್ತು ನೋಡುವದಕ್ಕೆ ಅದು ಚೆನ್ನಾಗಿಯೇ ಇರುವದು. ಆದರೆ ಆ ಗೋಡೆಯು ಹಳ್ಳದ ಬಾಯನ್ನು ಮುಚ್ಚಿದರೆ ನೀರು ಎಲ್ಲಿಂದ ಬರಬೇಕು? ಇಳಿಜಾರು ಹೋಗಿ ಕಡಿದಾದ ಅಂಚು ಆದರೆ ದನವು ಎಲ್ಲಿ ಇಳಿಯಬೇಕು, ಹಕ್ಕಿಯು ಎಲ್ಲಿ ನಿಲ್ಲಬೇಕು, ಕಾಲುಜಾರಿ ಬಿದ್ದ ಮಗುವು ಏನನ್ನು ಹಿಡಿದು ಮೇಲೆ ಬರಬೇಕು? ಹಾಗೆ ಮಾಡುವದು ಕೆರೆಯನ್ನು ತೊಟ್ಟಿಯಾಗಿ ಮಾಡುವದೇ. ಹೂಳೆತ್ತುವವರು ಸಹ ಯಂತ್ರದ ಬಲವಿದೆಯೆಂದು ಎಲ್ಲೆಂದರಲ್ಲಿ ತೋಡಬಾರದು. ಏರಿಯ ಬುಡದಲ್ಲಿ ತೋಡಿದರೆ ಏರಿಯು ಕುಸಿಯುವದು. ನೀರನ್ನು ಹಿಡಿದಿಡುವ ಅಡಿಯ ಜೇಡಿಮಣ್ಣನ್ನು ಕಿತ್ತರೆ ಕೆರೆಯು ಸೋರುವ ಮಡಕೆಯಾಗುವದು. ಎಷ್ಟು ತೆಗೆಯಬೇಕೆಂಬದನ್ನು ತಿಳಿಯುವದು ವಿದ್ಯೆ. ಎಲ್ಲಿ ನಿಲ್ಲಿಸಬೇಕೆಂಬದನ್ನು ತಿಳಿಯುವದು ವಿವೇಕ.

ಇನ್ನು ನಮ್ಮ ಸಹೋದರನ ಮಾತಿನಲ್ಲಿದ್ದ ನೋವಿಗೆ ಬರುವ. ಹಳೆಯ ಏರ್ಪಾಡನ್ನು ನಾವು ಹೊಗಳಿದೆವು; ಆದರೆ ಅದರ ಒಳಗೆ ಒಂದು ದೊಡ್ಡ ಅನ್ಯಾಯವೂ ಇತ್ತೆಂಬದನ್ನು ಮುಚ್ಚಿಡುವದು ಸತ್ಯವಲ್ಲ. ಅನೇಕ ಊರುಗಳಲ್ಲಿ ಏರಿಗೆ ಮಣ್ಣು ಹೊತ್ತವರೂ, ತೂಬಿನ ಕೆಸರಿನಲ್ಲಿ ಎದೆಮಟ್ಟ ಇಳಿದವರೂ, ನೀರಗಂಟಿತನ ಮಾಡಿದವರೂ ಹೊಲಗೇರಿಯವರು. ಕುಡಿಯುವ ನೀರಿಗೆ ಕೊಡವನ್ನು ಹಿಡಿದು ಬಂದಾಗಲಾದರೋ, ದೂರ ನಿಲ್ಲು, ಎಂಬದೇ ಅವರಿಗೆ ಸಿಕ್ಕಿದ ಉತ್ತರವು. ಗದ್ದೆಗೆ ನೀರು ಬಿಡುವ ಕೈಯಿಂದ ಮೈಲಿಗೆಯಾಗದ ಕೆರೆಯು ಅದೇ ಕೈ ಬೊಗಸೆಯಾದಾಗ ಮೈಲಿಗೆಯಾಗುವದೆಂದು ಹೇಳಿದರು. ನಮ್ಮ ಅಜ್ಜಂದಿರಲ್ಲಿ ಎಷ್ಟೋ ಮಂದಿ ಇದನ್ನು ಕಿವಿಯಲ್ಲಿ ಕೇಳಿದವರಲ್ಲ, ಮೈಯಲ್ಲಿ ಅನುಭವಿಸಿದವರು.

ಹಿಂದಿನ ಮುಂಬಯಿ ಪ್ರಾಂತ್ಯದ ಮಹಾಡ್ ಎಂಬ ಊರಿನಲ್ಲಿ ಚವದಾರ ಕೆರೆಯೆಂಬದೊಂದು ಇದೆ. ಸಾರ್ವಜನಿಕ ನೀರಿನ ಸ್ಥಳಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕೆಂದು ಆ ಪ್ರಾಂತ್ಯದ ಶಾಸನಸಭೆಯು 1923ರಲ್ಲಿಯೇ ಠರಾವು ಮಾಡಿತ್ತು. ಮಹಾಡಿನ ಪುರಸಭೆಯೂ ಅದನ್ನು ಒಪ್ಪಿತ್ತು. ಆದಾಗ್ಯೂ ಕಾಗದದಲ್ಲಿ ತೆರೆದ ಕೆರೆಗೆ ಇಳಿಯುವದಕ್ಕೆ ಯಾರಿಗೂ ಧೈರ್ಯವಿರಲಿಲ್ಲ. 1927ನೇ ಮಾರ್ಚಿ 20ನೇ ತಾರೀಕಿನಲ್ಲಿ ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರ ಸಂಗಡ ನಡೆದುಹೋಗಿ ಆ ನೀರನ್ನು ಕುಡಿದರು. ತರುವಾಯ ಅವರಲ್ಲಿ ಅನೇಕರು ಹೊಡೆತಗಳನ್ನು ತಿಂದರು. ಕೆರೆಯನ್ನು ಶುದ್ಧಿ ಮಾಡಿಸಿದವರೂ ಇದ್ದರು. ಮೊಕದ್ದಮೆಯು ನಡೆದು 1937ರಲ್ಲಿ ಹೈಕೋರ್ಟಿನಿಂದ ಅವರ ಪರವಾಗಿ ತೀರ್ಪಾಯಿತು. ಇದರಿಂದ ನಾವು ತಿಳಿಯತಕ್ಕದ್ದೇನಂದರೆ, ಎಲ್ಲರಿಗಿಂತ ಹಿಂದೆ ನಿಲ್ಲಿಸಲ್ಪಟ್ಟವನು ಹೆದರದೆ ಮೆಟ್ಟಲನ್ನು ಇಳಿಯುವ ತನಕ ಯಾವ ಕೆರೆಯೂ ಊರ ಕೆರೆಯಾಗುವದಿಲ್ಲ.

ನಮ್ಮ ಜನರು ಹಾಡುವ ‘ಕೆರೆಗೆ ಹಾರ’ ಎಂಬ ಕಥೆಯನ್ನು ನೀವೆಲ್ಲರೂ ಕೇಳಿದ್ದೀರಿ. ಗೌಡನು ಕೆರೆಯನ್ನು ಕಟ್ಟಿಸುತ್ತಾನೆ, ನೀರು ಬಾರದು. ಸೊಸೆಯನ್ನು ಹಾರ ಕೊಡಬೇಕೆಂಬ ಮಾತು ಹುಟ್ಟುತ್ತದೆ. ಹಿರಿಯ ಸೊಸೆಯರಿಗೆ ಒಂದೊಂದು ನೆವ ಸಿಕ್ಕುತ್ತದೆ. ಕಿರಿಯವಳಾದ ಭಾಗೀರಥಿಗೆ ಯಾವ ನೆವವೂ ಸಿಕ್ಕುವದಿಲ್ಲ. ಕೆರೆಯು ತುಂಬುತ್ತದೆ, ಸುದ್ದಿಯನ್ನು ತಿಳಿದು ಓಡಿ ಬಂದ ಗಂಡನು ಅದೇ ನೀರಿಗೆ ಹಾರುತ್ತಾನೆ. ಆ ಹಾಡನ್ನು ಕೇಳಿ ತ್ಯಾಗವು ಎಷ್ಟು ದೊಡ್ಡದೆಂದು ಅನೇಕರು ಹೇಳುವರು. ನಾವು ಬೇರೆ ಒಂದನ್ನು ಕೇಳುತ್ತೇವೆ: ಊರಿನ ಒಳ್ಳೇದಕ್ಕೆ ಬೆಲೆ ತೆರಬೇಕಾದಾಗ, ಅತ್ಯಂತ ಕಡಿಮೆ ಮಾತಿರುವವರನ್ನೇ ಯಾಕೆ ಆರಿಸುತ್ತಾರೆ? ತಾನಾಗಿ ಕೊಡುವದು ತ್ಯಾಗ. ಮತ್ತೊಬ್ಬರನ್ನು ಕೊಟ್ಟು ತಾನು ಪುಣ್ಯವಂತನೆನಿಸಿಕೊಳ್ಳುವದು ತ್ಯಾಗವಲ್ಲ.

ಹಾಗಾದರೆ ಯಾರನ್ನೂ ಬಲಿಕೊಡದೆ ನೆಲವನ್ನೂ ಕಾಡನ್ನೂ ತಿರುಗಿ ಚೇತರಿಸಿಕೊಳ್ಳುವಂತೆ ಮಾಡುವ ದಾರಿಯುಂಟೋ? ನಮ್ಮ ತರೀಕೆರೆ ಸೀಮೆಯಲ್ಲಿಯೇ ಅದಕ್ಕೆ ಒಂದು ಉದಾಹರಣೆಯಿದೆ. ಭದ್ರಾ ಅಭಯಾರಣ್ಯಕ್ಕೆ 1974ರಲ್ಲಿ ಆ ಹೆಸರು ಬಂದಾಗ ಅದರ ಒಳಗೆ ಅನೇಕ ಹಳ್ಳಿಗಳಿದ್ದವು. ಅವರು ಕಾಡಿನ ನಡುವೆ ಆಸ್ಪತ್ರೆ ಶಾಲೆಗಳಿಗೆ ದೂರವಾಗಿ, ಬೆಳೆಯನ್ನು ಆನೆಹಂದಿಗಳಿಗೆ ಕಳಕೊಂಡು, ಇವತ್ತು ಕಳುಹಿಸುವರು, ನಾಳೆ ಕಳುಹಿಸುವರು ಎಂಬ ಅನುಮಾನದಲ್ಲಿ ವರುಷಗಳನ್ನು ಕಳೆದರು. ಕಡೆಗೆ 2001, 2002ರ ಸುಮಾರಿಗೆ 400ಕ್ಕಿಂತ ಹೆಚ್ಚು ಕುಟುಂಬಗಳು ಹೊರಗೆ ಬಂದವು. ಅವರಲ್ಲಿ ಹೆಚ್ಚಿನವರು ಲಕ್ಕವಳ್ಳಿಯ ಬಳಿಯ ಎಂ. ಸಿ. ಹಳ್ಳಿಯಲ್ಲಿ ನೆಲೆಗೊಂಡರು. ಅವರಿಗೆ ನೀರಾವರಿಯ ನೆಲವೂ ಮನೆಯ ಜಾಗವೂ ದೊರೆತವು. ಹುಟ್ಟಿದ ನೆಲವನ್ನು ಬಿಟ್ಟ ದುಃಖವು ಯಾವ ಪರಿಹಾರದಿಂದಲೂ ಪೂರ್ತಿ ತೀರುವಂಥಾದ್ದಲ್ಲ. ಆದಾಗ್ಯೂ ದೇಶದಲ್ಲಿ ಕಾಡಿನಿಂದ ಜನರನ್ನು ಎಬ್ಬಿಸಿದ ಕಥೆಗಳೊಳಗೆ ಇದನ್ನು ಒಳ್ಳೆಯದೆಂದು ತಿಳಿದವರು ಎಣಿಸುತ್ತಾರೆ. ಅವರು ಬಿಟ್ಟ ಬಯಲುಗಳಲ್ಲಿ ಹುಲ್ಲು ಬೆಳೆದು ಕಾಡುಪ್ರಾಣಿಗಳು ಮೇಯುವಂತಾಯಿತು. ಬಿಡು, ಎಂದು ಹೇಳುವದಕ್ಕೆ ಮುಂಚೆ, ತಕ್ಕೋ, ಎಂದು ಹೇಳಬೇಕೆಂಬದನ್ನು ನಾವು ಇದರಿಂದ ಕಲಿಯುತ್ತೇವೆ.

ಈಗ ಸಹೋದರನಿಗೆ ನಾವು ಏನು ಹೇಳುವೆವು?

ಮೊದಲನೆಯದಾಗಿ, ಊರಿಗೆ ಹೇಳುವದು ಇದೆ. ಕೆರೆಯಂಗಳವನ್ನು ಅಳೆಯುವ ದಿನ ಸರಪಣಿಯನ್ನು ದೊಡ್ಡ ಬೇಲಿಯ ಕಡೆಯಿಂದ ಹಿಡಿಯಿರಿ. ಹತ್ತು ಎಕರೆ ಇದ್ದು ಹನ್ನೊಂದನೆಯದಕ್ಕೆ ಅಡಿಕೆ ಸಸಿ ಇಟ್ಟವನನ್ನೂ, ಒಂದೂ ಇಲ್ಲದೆ ರಾಗಿ ಬಿತ್ತಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿರಿ. ಹಳ್ಳಿಗಳ ಸಾರ್ವಜನಿಕ ನೆಲಗಳನ್ನು ಬಿಡಿಸಿ ಊರಿಗೆ ಒಪ್ಪಿಸಬೇಕೆಂದು 2011ರಲ್ಲಿ ಸುಪ್ರೀಂ ಕೋರ್ಟು ಬಲವಾಗಿ ತೀರ್ಪು ಕೊಟ್ಟಾಗಲೂ, ಸರ್ಕಾರದ ಆಜ್ಞೆಯ ಮೇರೆಗೆ ಭೂಮಿಯಿಲ್ಲದ ಕೂಲಿಗಾರರಿಗೋ ಪರಿಶಿಷ್ಟ ಜಾತಿ ಪಂಗಡದವರಿಗೋ ಕೊಟ್ಟಂಥ ಸಂಗತಿಗಳನ್ನು ಬೇರೆಯಾಗಿ ಎಣಿಸಿತು. ನ್ಯಾಯಸ್ಥಾನಕ್ಕೆ ಕಂಡ ಭೇದವು ನೆರೆಯವರಾದ ನಿಮಗೆ ಕಾಣದೆ ಇರಬಾರದು. ಅವನಿಗೆ ಬೇರೆ ನೆಲವನ್ನೋ ಜೀವನದ ಮಾರ್ಗವನ್ನೋ ತೋರಿಸುವದು ದಯೆಯಲ್ಲ. ಹಳೆಯ ಸಾಲವನ್ನು ತೀರಿಸುವದೇ. ಕೆರೆಯ ಸಂಘದಲ್ಲಿ ಅವನ ಮನೆಗೂ ಒಂದು ಸ್ಥಾನವಿರಲಿ. ಮೀನಿನ ಹರಾಜಿನಲ್ಲಿಯೂ ಗೋಡಿನಲ್ಲಿಯೂ ಹುಲ್ಲಿನಲ್ಲಿಯೂ ಅಚ್ಚುಕಟ್ಟಿಲ್ಲದವರಿಗೆ ಪಾಲಿರಲಿ. ಹಾಗೆ ಮಾಡದಿದ್ದರೆ ಅವನಿಗೆ ಬುದ್ಧಿ ಹೇಳುವ ಬಾಯಿ ಊರಿಗೆ ಇರುವದಿಲ್ಲ.

ಎರಡನೆಯದಾಗಿ, ಸಹೋದರನೇ, ನಿನಗೂ ಒಂದು ಮಾತು. ನಿನ್ನ ತಾತನು ಆ ಮಣ್ಣು ಹೊತ್ತನೆಂಬದು ಕೆರೆಯನ್ನು ಮುಚ್ಚುವದಕ್ಕೆ ಕಾರಣವಲ್ಲ. ಕೆರೆಯು ನನ್ನದು ಎಂದು ಹೇಳುವದಕ್ಕೆ ಕಾರಣ. ಅದು ಸತ್ತರೆ ಅನುಕೂಲಸ್ಥನು ಕೊಳವೆಬಾವಿಯನ್ನು ಇನ್ನೂ ಆಳಕ್ಕೆ ಇಳಿಸುವನು. ನಿನ್ನ ಕೇರಿಯ ಬಾವಿಯು ಮೊದಲು ಬತ್ತುವದು. ನಿನ್ನ ರಾಗಿಯ ಒಂದು ಎಕರೆಯಿಂದ ಒಂದು ಮನೆ ಉಂಡೀತು, ಅದೂ ಕೆರೆ ತುಂಬದ ವರುಷ ಮಾತ್ರ. ನಿನಗೆ ತಕ್ಕ ನೆಲೆಯನ್ನು ತೋರಿಸಿದರೆ ಬಿಟ್ಟುಕೊಡು. ತೋರಿಸದಿದ್ದರೆ ಸಭೆಯ ಮುಂದೆ ನಿಂತು ಕೇಳು, ನಾವು ನಿನ್ನ ಸಂಗಡ ನಿಲ್ಲುವೆವು. ಆದರೆ ತಾತನಿಗೆ ಆದ ಅನ್ಯಾಯವನ್ನು ಮೊಮ್ಮಕ್ಕಳ ಬಾಯಾರಿಕೆಯಿಂದ ತೀರಿಸಿಕೊಳ್ಳಬೇಡ. ಆ ಮೊಮ್ಮಕ್ಕಳಲ್ಲಿ ನಿನ್ನವರೂ ಇದ್ದಾರೆ.

ಮೂರನೆಯದಾಗಿ, ವಾಚಕರಾದ ನಾವೆಲ್ಲರೂ ಮಾಡತಕ್ಕದ್ದು ಇದೆ. ಮಳೆಗಾಲಕ್ಕೆ ಮುಂಚೆ ಒಂದು ದಿನ ನಿಮ್ಮ ಊರಿನ ಕೆರೆಯನ್ನು ಸುತ್ತಿ ನೋಡಿರಿ. ಮಕ್ಕಳನ್ನೂ ಕರಕೊಂಡು ಹೋಗಿರಿ. ಹಳ್ಳವು ಎಲ್ಲಿ ಒಳಗೆ ಬರುತ್ತದೆ, ಕೋಡಿಯು ಎಲ್ಲಿ ಹೊರಗೆ ಹೋಗುತ್ತದೆ ಎಂಬದನ್ನು ಅವರು ಕಣ್ಣಾರೆ ನೋಡಲಿ. ಏರಿಯ ಮೇಲಣ ಜಾಲಿಗಿಡವನ್ನು ಸಸಿಯಾಗಿರುವಾಗಲೇ ಕೀಳಿರಿ. ಕಾಲುವೆಯಲ್ಲಿ ಕಟ್ಟಿಕೊಂಡ ಕಸವನ್ನು ತೆಗೆಯಿರಿ. ಹೊರೆಯನ್ನು ಹೊರದೆ ಫಲವನ್ನು ಕೇಳಬಾರದು. ಹೊರೆ ಹೊತ್ತವನಿಗೆ ಫಲವನ್ನು ತಪ್ಪಿಸಲೂ ಬಾರದು. ಈ ಎರಡು ಮಾತುಗಳು ಒಂದೇ ಕಡೆ ಕೂಡಿರುವಷ್ಟು ಕಾಲ ಕೆರೆಯು ನಿಲ್ಲುವದು. ಬೇರೆಯಾದ ದಿನದಿಂದ ಅದು ಒಡೆಯಲಿಕ್ಕೆ ಆರಂಭಿಸುವದು, ಏರಿಯು ಬಿರುಕು ಬಿಡದಿದ್ದರೂ ಸರಿಯೇ.

ಊರ ಕೆರೆ ಯಾರದು? ಅದರ ಮಣ್ಣು ಹೊರುವವರದು, ಅದರ ನೀರು ಕುಡಿಯುವವರದು. ಇವರಿಬ್ಬರೂ ಒಬ್ಬರೇ ಆಗಿರುವ ಊರು ಪುಣ್ಯವುಳ್ಳದ್ದು. ನಿಮ್ಮ ಊರು ಹಾಗಿದೆಯೋ ಎಂಬದನ್ನು, ಬರುವ ಮಳೆಗೆ ಮುಂಚೆ, ಏರಿಯ ಮೇಲೆ ನಿಂತು ನೀವೇ ಕೇಳಿಕೊಳ್ಳಿರಿ.